ಮೂರಡಿ ಸಂದಿಯಲ್ಲಿ ಬುಲೆಟ್: ಡಾಲಿಗೆ ಕೊಡಬೇಕಾದ ಕೆಲಸ ಯಾವುದು

ಮೇಷ್ಟ್ರು ನನ್ನ ಶೆಡ್ಡಿಗೆ ಬಂದದ್ದು ಒಂದು ಶನಿವಾರ ಸಂಜೆ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ನನ್ನದೊಂದು ವೆಲ್ಡಿಂಗ್ ಶೆಡ್ ಇದೆ. ಹೆಚ್ಚಾಗಿ ಗೇಟು, ಕಿಟಕಿ ಸರಳು, ಗೂಡ್ಸ್ ಆಟೋದ ಕ್ಯಾರಿಯರ್, ಅಡಿಕೆ ಬೇಯಿಸುವ ಒಲೆಯ ಕಬ್ಬಿಣದ ಕೆಲಸ. ಮೇಷ್ಟ್ರು ಹೈಸ್ಕೂಲಿನಲ್ಲಿ ನನಗೆ ಗಣಿತ ಹೇಳಿಕೊಟ್ಟವರು. ಆಟೋದಿಂದ ನಿಧಾನಕ್ಕೆ ಇಳಿದು, ಹಿಂದಿನ ಸೀಟಿನಲ್ಲಿದ್ದ ಉದ್ದನೆಯ ಕಬ್ಬಿಣದ ಹಲಗೆಯೊಂದನ್ನು ತೋರಿಸಿದರು. ಕೆಳಗೆ ನಾಲ್ಕು ಪುಟ್ಟ ಪ್ಲಾಸ್ಟಿಕ್ ಚಕ್ರ.

"ಬೈಕ್ ಡಾಲಿ ಅಂತೆ. ಮಗ ಬೆಂಗಳೂರಿಂದ ತರಿಸಿಕೊಟ್ಟ. ಇದರ ಚಕ್ರ ಬದಲಾಯಿಸಿ ಕೊಡು ಮಾರಾಯ, ಸಂದಿಯಲ್ಲಿ ಉರುಳ್ತಾನೇ ಇಲ್ಲ."

ಚಕ್ರ ಬದಲಾಯಿಸಿ ಕೊಟ್ಟೆ. ಅದೇ ನಾನು ಮಾಡಿದ ತಪ್ಪು. ಸ್ಥಳ ನೋಡದೆ, ಅಳತೆ ಹಿಡಿಯದೆ, ಕೇಳಿದ್ದನ್ನಷ್ಟೇ ಮಾಡಿಕೊಟ್ಟೆ. ಅದರಿಂದ ಏನಾಯಿತು, ಆಮೇಲೆ ಹೇಗೆ ಸರಿಪಡಿಸಿದೆವು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ. ನಮ್ಮೂರಿನ ಹಳೇ ಕೇರಿಗಳಲ್ಲಿ ಇಂಥ ಸಂದಿ ನೂರಾರಿವೆ. ಇಕ್ಕಟ್ಟಿನಲ್ಲಿ ಭಾರದ ಗಾಡಿ ಹಿಂದೆ ಮುಂದೆ ಮಾಡುತ್ತಾ ಕಾಲು ಸಿಕ್ಕಿಸಿಕೊಂಡವರೂ ಕಡಿಮೆಯಿಲ್ಲ.

ಮನೆ, ಗಾಡಿ, ಮೊಣಕಾಲು

ಮೇಷ್ಟ್ರ ಮನೆ ಇರುವುದು ಕೋಟೆ ರಸ್ತೆಯಿಂದ ತುಂಗೆಯ ಕಡೆಗೆ ಇಳಿಯುವ ಒಂದು ಕೇರಿಯಲ್ಲಿ. ಬೀದಿಗೆ ತಾಗಿದಂತೆ ಜಗಲಿ, ಹಿಂದೆ ಹಿತ್ತಲು. ಮನೆಗೂ ಪಕ್ಕದ ಮನೆಗೂ ನಡುವೆ 34 ಅಡಿ ಉದ್ದದ ಸಂದಿ. ಎರಡೂ ಕಡೆ ಗಿಲಾವು ಕಾಣದ ಜಂಬಿಟ್ಟಿಗೆ ಗೋಡೆ. ನೆಲಕ್ಕೆ ಕಡಪ ಕಲ್ಲು ಹಾಸಿ ನಲವತ್ತು ವರ್ಷವಾಗಿದೆ, ಸಂದುಗಳಲ್ಲಿನ ಸಿಮೆಂಟು ಎದ್ದು ಹೋಗಿದೆ. ಹಿತ್ತಲಲ್ಲಿ ಬಾವಿ, ಬಟ್ಟೆ ಒಗೆಯುವ ಕಲ್ಲು, ತಗಡಿನ ಮಾಡು. ಗಾಡಿ ನಿಲ್ಲುವುದು ಆ ಮಾಡಿನ ಕೆಳಗೆ. ಬೀದಿಯಲ್ಲಿ ನಿಲ್ಲಿಸೋಣವೆಂದರೆ ಎರಡು ಆಟೋ ಎದುರುಬದುರಾದರೇ ಜಾಗ ಸಾಲದು.

ಗಾಡಿ 2022ರಲ್ಲಿ ಕೊಂಡ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ನಮ್ಮ ಕಡೆ ಎನ್‌ಫೀಲ್ಡ್ ಅಂದರೆ ಎಲ್ಲವೂ ಬುಲೆಟ್ಟೇ, ನಾನೂ ಹಾಗೇ ಬರೆಯುತ್ತೇನೆ. ತೂಕ ಪೆಟ್ರೋಲ್, ಆಯಿಲ್ ಸಮೇತ 195 ಕೆಜಿ. ಉದ್ದ 2145 ಮಿ.ಮೀ., ಕನ್ನಡಿ ಬಿಟ್ಟು ಅಗಲ 785 ಮಿ.ಮೀ., ಎರಡು ಚಕ್ರಗಳ ನಡುವಿನ ಅಂತರ 1390 ಮಿ.ಮೀ.

ಸಂದಿಯ ಅಗಲ 37 ಇಂಚು, ಅಂದರೆ 940 ಮಿ.ಮೀ. ಹ್ಯಾಂಡಲ್ ಕಳೆದರೆ ಉಳಿಯುವುದು 155 ಮಿ.ಮೀ., ಒಂದೊಂದು ಕಡೆಗೆ ಮೂರು ಇಂಚು. ಗಾಡಿಯ ಪಕ್ಕದಲ್ಲಿ ಮನುಷ್ಯ ನಿಲ್ಲುವ ಮಾತೇ ಇಲ್ಲ. ಸೀಟಿನ ಮೇಲೆ ಕೂತು, ಎರಡೂ ಕಾಲು ನೆಲಕ್ಕೆ ಊರಿಕೊಂಡು ಸಾಗಿಸಬೇಕು. ಒಳಗೆ ಹೋಗುವಾಗ ಕಷ್ಟವಿಲ್ಲ, ಬೀದಿಯಿಂದ ಹಿತ್ತಲಿಗೆ ನೆಲವೇ ಇಳಿಜಾರು. ಮಳೆಗಾಲದಲ್ಲಿ ನೀರು ಹರಿದುಹೋಗಲೆಂದು ಹಿಂದಿನವರು ಕೊಟ್ಟ ವಾಟ ಅದು. ನೀರಿನ ಪೈಪು ಹಿಡಿದು ಅಳೆದಾಗ 34 ಅಡಿಗೆ ಹತ್ತು ಇಂಚು ಇಳಿದಿತ್ತು, ಅಂದರೆ ನಲವತ್ತಕ್ಕೆ ಒಂದು.

ಹೊರಗೆ ಬರುವಾಗ ಇದೇ ವಾಟ ಶತ್ರು. ಹಿಮ್ಮುಖವಾಗಿ ಏರು ಹತ್ತಿಸಬೇಕು. ಗಾಡಿ 195, ಮೇಷ್ಟ್ರು 70, ಒಟ್ಟು 265 ಕೆಜಿಯ ನಲವತ್ತನೇ ಒಂದು ಭಾಗ ಆರೂವರೆ ಕೆಜಿ. ಟಯರಿನ ತಡೆ ಸೇರಿಸಿದರೆ ಹತ್ತು ಕೆಜಿ ಮೀರುತ್ತದೆ. ಕೈಯಲ್ಲಿ ಎಳೆಯುವುದಾದರೆ ಹತ್ತು ಕೆಜಿ ದೊಡ್ಡದಲ್ಲ. ಆದರೆ ಇಲ್ಲಿ ಅಷ್ಟನ್ನೂ ಪಾಚಿಗಟ್ಟಿದ ಕಲ್ಲಿನ ಮೇಲೆ, ಕೂತಲ್ಲಿಂದಲೇ, ಕಾಲ ಬೆರಳ ತುದಿಯಿಂದ ನೂಕಬೇಕು. ಮೇಷ್ಟ್ರಿಗೆ 63 ವರ್ಷ, ಬಲ ಮೊಣಕಾಲಿಗೆ ಆಪರೇಷನ್ ಆಗಿದೆ. ಒಂದು ದಿನ ಕಾಲು ಜಾರಿ ಗಾಡಿ ಎಡಗೋಡೆಗೆ ಒರಗಿತು. ಪಾದ ಫುಟ್‌ರೆಸ್ಟಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತು. ಮನೆಯವರು ಬಂದು ಎತ್ತುವ ತನಕ ಹಾಗೇ ಇದ್ದರಂತೆ.

"ಮಾರಿಬಿಡಿ ಅಂತಾನೆ ಮಗ. ಸೈಕಲ್ಲು, ಲೂನಾ, ಸ್ಕೂಟರ್ ಅಂತ ನಲವತ್ತು ವರ್ಷ ಓಡಿಸಿ, ರಿಟೈರಾದ ಮೇಲೆ ಆಸೆಪಟ್ಟು ತಗೊಂಡ ಗಾಡಿ. ಹೆಂಗೆ ಮಾರ್ಲಿ?"

ಇನ್ನೊಂದು ವಿಷಯವನ್ನು ಅವರು ಆಮೇಲೆ ಹೇಳಿದರು. ಹೇಳುವಾಗ ದನಿ ತಗ್ಗಿತ್ತು. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ನದಿ ಬದಿಯ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ್ದು ಶಿವಮೊಗ್ಗದವರಿಗೆಲ್ಲ ನೆನಪಿದೆ. ಆ ದಿನ ಇವರ ಹಿತ್ತಲಿಗೂ ನೀರು ಬಂತು. ಅವಸರದಲ್ಲಿ ಸ್ಕೂಟರನ್ನು ಹಿಂದಕ್ಕೆ ತೆಗೆಯಲಾಗದೆ ಅಲ್ಲೇ ಬಿಟ್ಟರು, ಅದು ಮತ್ತೆ ರಸ್ತೆಗೆ ಇಳಿಯಲಿಲ್ಲ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿರುವ ಮಂಟಪ ಮುಳುಗಿತೆಂದರೆ ಈ ಕೇರಿಯವರಿಗೆ ಎದೆ ಹೊಡೆದುಕೊಳ್ಳುತ್ತದೆ. ಹಾಗಾಗಿ ನಮಗಿದ್ದ ಪ್ರಶ್ನೆ ಬರೀ ನಿಲ್ಲಿಸುವ ಅನುಕೂಲದ್ದಲ್ಲ. ಒಬ್ಬನೇ ಮನುಷ್ಯ, ನೋಯುವ ಮೊಣಕಾಲು ಇಟ್ಟುಕೊಂಡು, ಕತ್ತಲಲ್ಲಿ, ಮಳೆಯಲ್ಲಿ, ಕೆಲವೇ ನಿಮಿಷದಲ್ಲಿ ಗಾಡಿಯನ್ನು ಬೀದಿಗೆ ತರಬೇಕು. ಅದಕ್ಕೆ ಗಾಡಿಯ ಮುಖ ಯಾವಾಗಲೂ ಬೀದಿಯ ಕಡೆಗಿರಬೇಕು.

ಮೊದಲ ಪ್ರಯತ್ನ

ಮಗ ತರಿಸಿದ ಡಾಲಿ ಸೈಡ್ ಸ್ಟ್ಯಾಂಡ್ ಮಾದರಿಯದು. ಉದ್ದ ಪಟ್ಟಿಯ ಮೇಲೆ ಎರಡೂ ಚಕ್ರ ಹತ್ತಿಸಿ, ಎಡಕ್ಕೆ ಚಾಚಿದ ಸಣ್ಣ ತಟ್ಟೆಯ ಮೇಲೆ ಸ್ಟ್ಯಾಂಡ್ ಊರಿದರೆ ಇಡೀ ಗಾಡಿ ಅದರ ಮೇಲೇ ನಿಲ್ಲುತ್ತದೆ. ಅವರ ಯೋಚನೆ ಹೀಗಿತ್ತು: ಬೀದಿಯಲ್ಲೇ ಗಾಡಿಯನ್ನು ಡಾಲಿಗೆ ಹತ್ತಿಸುವುದು, ಅಲ್ಲೇ ತಿರುಗಿಸುವುದು, ಹಿಂಬದಿ ಮೊದಲಾಗಿ ಸಂದಿಯೊಳಗೆ ಉರುಳಿಸಿಕೊಂಡು ಹೋಗುವುದು. ಹಿತ್ತಲಲ್ಲಿ ಇಳಿಸಿದರೆ ಮುಖ ಬೀದಿಗೆ. ಕೇಳಲು ಸರಿಯಾಗಿಯೇ ಇದೆ, ನನಗೂ ಸರಿ ಕಂಡಿತ್ತು.

ಅದರ ಚಕ್ರ ಎರಡು ಇಂಚಿನವು, ಕಲ್ಲಿನ ಸಂದು ಬಂದಲ್ಲೆಲ್ಲ ಸಿಕ್ಕಿಕೊಳ್ಳುತ್ತಿದ್ದವು. ಇದರ ಲೆಕ್ಕ ತಿಳಿದಿರುವುದು ಒಳ್ಳೆಯದು, ಡಾಲಿ ಕೊಳ್ಳುವವರು ಮೊದಲು ಎಡವುವುದು ಇಲ್ಲೇ. ಗಾಡಿ ಮತ್ತು ಡಾಲಿ ಸೇರಿ ಸುಮಾರು 213 ಕೆಜಿ. ಮುಂದಿನ ಎರಡು ಚಕ್ರದ ಮೇಲೆ ಅದರ ಅರ್ಧ, 106 ಕೆಜಿ ಎನ್ನಿ. ಎದುರಿಗೆ 6 ಮಿ.ಮೀ. ಎತ್ತರದ ಕಲ್ಲಿನ ಅಂಚು ಸಿಕ್ಕಿತು. ಎರಡು ಇಂಚಿನ ಚಕ್ರ ಅದನ್ನು ಹತ್ತಬೇಕಾದರೆ ಸುಮಾರು 90 ಕೆಜಿ ಬಲದಿಂದ ನೂಕಬೇಕು. ನಾಲ್ಕು ಇಂಚಿನ ಚಕ್ರಕ್ಕೆ 57 ಕೆಜಿ ಸಾಕು. ಬುಲೆಟ್ಟಿನ ಸ್ವಂತ ಚಕ್ರಕ್ಕೆ ಅಂಥ ಅಂಚು ಲೆಕ್ಕಕ್ಕೇ ಇಲ್ಲ, ಮುಂದೆ 19, ಹಿಂದೆ 18 ಇಂಚಿನ ರಿಮ್ಮು, ಗಾಳಿ ತುಂಬಿದ ಟಯರು. ಈ ಕೊನೆಯ ಮಾತನ್ನು ನಾನು ಅವತ್ತೇ ಯೋಚಿಸಿದ್ದರೆ ಮುಂದಿನ ಫಜೀತಿ ಆಗುತ್ತಿರಲಿಲ್ಲ.

ಬ್ರೇಕ್ ಇರುವ ನಾಲ್ಕು ಇಂಚಿನ ಕ್ಯಾಸ್ಟರ್ ಚಕ್ರ, ಅಂದರೆ ಕುತ್ತಿಗೆಯ ಮೇಲೆ ಸುತ್ತಲೂ ತಿರುಗುವ ಚಕ್ರ ಹಾಕಿ, ಭಾನುವಾರ ನಾನೇ ಹೋದೆ. ಬೆಳಗ್ಗೆ ಸಣ್ಣಗೆ ಮಳೆ ಬಂದು ನಿಂತಿತ್ತು. ಬೀದಿಯಲ್ಲಿ ಗಾಡಿ ಹತ್ತಿಸಿದೆವು, ತಿರುಗಿಸಿದೆವು. ಬೆರಳಲ್ಲಿ ತಳ್ಳಿದರೂ ತಿರುಗುವಷ್ಟು ಹಗುರ. ಮೇಷ್ಟ್ರ ಮುಖ ಅರಳಿತು. ನಾನು ಹಿಂದಿನಿಂದ ಹಿಡಿದೆ, ಅಂದರೆ ಇಳಿಜಾರಿನ ಕೆಳಗಡೆ. ನಮ್ಮ ಶೆಡ್ಡಿನ ಹುಡುಗ ಮುಂದೆ ಹ್ಯಾಂಡಲ್ ಹಿಡಿದ. ಸಂದಿಗೆ ಇಳಿಸಿದೆವು.

ಎಂಟು ಹತ್ತು ಅಡಿ ಚೆನ್ನಾಗಿಯೇ ಹೋಯಿತು. ಆಮೇಲೆ ಡಾಲಿ ಬಲಕ್ಕೆ ಎಳೆಯತೊಡಗಿತು. ಸಂದಿಯ ಒಂದು ಬದಿಗೆ ಚರಂಡಿ ಇದೆ, ಕಲ್ಲುಗಳು ಆ ಕಡೆಗೂ ಸ್ವಲ್ಪ ವಾಲಿವೆ. ನಾಲ್ಕೂ ಚಕ್ರ ಎಲ್ಲ ದಿಕ್ಕಿಗೂ ತಿರುಗುವಂಥವು, ಹಾಗಾಗಿ ಇಡೀ ಗಾಡಿ ಅಡ್ಡಡ್ಡ ಜಾರುತ್ತಿತ್ತು. ಪಕ್ಕದಲ್ಲಿ ನಿಂತು ತಡೆಯೋಣವೆಂದರೆ ಜಾಗವಿಲ್ಲ. ಹುಡುಗ "ಅಣ್ಣಾ, ಓಡ್ತಾ ಇದೆ" ಅಂದ. ನಾನು ಕಾಲಲ್ಲಿ ಬ್ರೇಕ್ ಒತ್ತಿದೆ. ಚಕ್ರ ಲಾಕಾಯಿತು, ಡಾಲಿ ಮಾತ್ರ ನಿಲ್ಲಲಿಲ್ಲ. ಪಾಚಿಯ ಮೇಲೆ ಲಾಕಾದ ಚಕ್ರ ಜಾರುಬಂಡಿಯಂತೆ ಜಾರಿತು. ಒಂದು ಚಕ್ರ ಕಲ್ಲಿನ ಸಂದಿಗೆ ಇಳಿದು ಗಕ್ಕನೆ ನಿಂತಾಗ ಗಾಡಿ ಬಲಕ್ಕೆ ಒರಗಿತು, ಕನ್ನಡಿ ಗೋಡೆಗೆ ಬಡಿದು ಒಡೆಯಿತು. ನನ್ನ ಎದೆ ಹಿಂದಿನ ಮಡ್‌ಗಾರ್ಡಿಗೂ ಇಳಿಜಾರಿಗೂ ನಡುವೆ ಇತ್ತು. ಇನ್ನೆರಡು ಅಡಿ ಜಾರಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಮೈ ಬೆವರುತ್ತದೆ.

215 ಕೆಜಿಗೆ ಆ ಇಳಿಜಾರಿನಲ್ಲಿ ಕೆಳಕ್ಕೆ ಎಳೆಯುವ ಬಲ ಐದೂವರೆ ಕೆಜಿಯಷ್ಟೇ. ಕ್ಯಾಸ್ಟರ್ ಚಕ್ರದ ತಡೆಯೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ನಿಂತಾಗ ನಿಂತೇ ಇರುತ್ತದೆ, ನಮಗೆ ಧೈರ್ಯ ಬರುತ್ತದೆ. ಒಮ್ಮೆ ಹೊರಟು ವೇಗ ಹಿಡಿದ ಮೇಲೆ ಇನ್ನೂರು ಕೆಜಿಯನ್ನು ನಿಲ್ಲಿಸುವುದು ಬೇರೆಯೇ ಮಾತು. ಇಳಿಜಾರಿನ ಕೆಳಗಡೆ ಮನುಷ್ಯ ನಿಲ್ಲಲೇಬಾರದು. ಕ್ಯಾಸ್ಟರಿನ ಬ್ರೇಕು ಒಣಗಿದ, ಮಟ್ಟವಾದ ನೆಲಕ್ಕೆ ಮಾತ್ರ. ಇವೆರಡನ್ನು ನಾನು ಈಗ ಡಾಲಿ ಕೇಳಿಕೊಂಡು ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಆ ಡಾಲಿಯನ್ನು ಪೂರ್ತಿ ದೂರುವಂತೆಯೂ ಇಲ್ಲ. ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್, ಟೈಲ್ಸ್ ಹಾಕಿದ ಶೋರೂಮು, ಮಟ್ಟ ನೆಲದ ಗ್ಯಾರೇಜು, ಇಂಥ ಕಡೆ ಗಾಡಿಯನ್ನು ಅಡ್ಡಕ್ಕೆ ಸರಿಸಿ ಗೋಡೆಗೆ ಒತ್ತಿ ನಿಲ್ಲಿಸಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಅದು ಮಟ್ಟ ನೆಲವನ್ನು ನಂಬಿ ಮಾಡಿದ ವಸ್ತು. ಮಲೆನಾಡಿನಲ್ಲಿ ಯಾವ ಮೇಸ್ತ್ರಿಯೂ ಹೊರಗಿನ ನೆಲವನ್ನು ಮಟ್ಟ ಮಾಡುವುದಿಲ್ಲ. ಮಾಡಿದರೆ ಆಷಾಢದಲ್ಲಿ ನೀರು ಅಲ್ಲೇ ನಿಂತು ಗೋಡೆಯ ಬುಡ ಕೊಳೆಯುತ್ತದೆ.

ಕೆಲಸ ಹಂಚಿದ ಮೇಲೆ

ಅವತ್ತು ಜಗಲಿಯಲ್ಲಿ ಕೂತು ಕಾಫಿ ಕುಡಿಯುವಾಗ ಮೇಷ್ಟ್ರು ಒಂದು ಪ್ರಶ್ನೆ ಕೇಳಿದರು. ತರಗತಿಯಲ್ಲಿ ಕೇಳುತ್ತಿದ್ದ ಹಾಗೆಯೇ.

"ಸಂದಿಯೊಳಗೆ ಗಾಡಿಗೆ ತನ್ನ ಚಕ್ರದ ಮೇಲೆ ಹೋಗೋಕೆ ತೊಂದರೆ ಎಂತದು?"

"ಮುಂದಕ್ಕಾದ್ರೆ ಎಂತದೂ ಇಲ್ಲ ಸಾರ್."

"ಮತ್ತೆ ತೊಂದರೆ ಎಲ್ಲಿ?"

ತೊಂದರೆ ಇದ್ದದ್ದು ತಿರುಗಿಸುವುದರಲ್ಲಿ ಮಾತ್ರ. ಮುಂದಕ್ಕೆ ಇಳಿಯುವುದೂ ಮುಂದಕ್ಕೆ ಏರುವುದೂ ಗಾಡಿಗೆ ಸುಲಭ. ದೊಡ್ಡ ಚಕ್ರ, ಬ್ರೇಕು, ಬೇಕಾದರೆ ಇಂಜಿನ್ನು ಎಲ್ಲ ಅದರಲ್ಲೇ ಇವೆ. ಹಿತ್ತಲಲ್ಲಿ ಅರ್ಧ ಸುತ್ತು ತಿರುಗಿಸುವುದು ಮಾತ್ರ ಅದಕ್ಕೆ ಆಗದ ಕೆಲಸ. ನಾವು 34 ಅಡಿ ಸಾಗಿಸುವ ಕೆಲಸವನ್ನೂ ಡಾಲಿಗೆ ಕೊಟ್ಟಿದ್ದೆವು. ಎರಡಡಿಯೂ ಸಾಗಬೇಕಾಗಿಲ್ಲದ, ಇದ್ದಲ್ಲೇ ತಿರುಗುವ ಡಾಲಿ ಮಾಡಿದರೆ ಅರ್ಧ ಅಪಾಯ ಅಲ್ಲಿಗೇ ಹೋಯಿತು.

ಹಿತ್ತಲ ಮಾಡಿನ ಕೆಳಗಿನ ಜಾಗ ಅಳೆದೆವು. ಒಂದು ಕಡೆ 8 ಅಡಿ 6 ಇಂಚು, ಇನ್ನೊಂದು ಕಡೆ 7 ಅಡಿ 10 ಇಂಚು. ಗಾಡಿಯನ್ನು ಒಂದು ಆಯತವೆಂದು ತಿಳಿದರೆ ಅದರ ಕರ್ಣ ಎಷ್ಟು? ಮೇಷ್ಟ್ರು ಹಾಲಿನ ಲೆಕ್ಕದ ಚೀಟಿಯ ಹಿಂಬದಿಯಲ್ಲೇ ಮಾಡಿದರು. 2145ರ ವರ್ಗ, 785ರ ವರ್ಗ, ಕೂಡಿಸಿ ವರ್ಗಮೂಲ: 2284 ಮಿ.ಮೀ., ಏಳೂವರೆ ಅಡಿ. ಇಕ್ಕಟ್ಟಿನ ಕಡೆ ಇರುವುದು 2388. ಎರಡೂ ಬದಿಗೆ ಎರಡೆರಡು ಇಂಚು ಉಳಿಯುತ್ತದೆ. ನಿಜವಾಗಿ ಇನ್ನೂ ಹೆಚ್ಚೇ ಉಳಿಯುತ್ತದೆ, ಯಾಕೆಂದರೆ ಗಾಡಿಯ ತುದಿಗಳು ಕಿರಿದು, ಅಗಲವಿರುವುದು ಹ್ಯಾಂಡಲ್ ಇರುವಲ್ಲಿ ಮಾತ್ರ. ಆದರೆ ಒಂದು ಷರತ್ತು: ಗಾಡಿ ತನ್ನ ಉದ್ದದ ನಟ್ಟನಡುವಿನ ಸುತ್ತಲೇ ತಿರುಗಬೇಕು. ನಾಲ್ಕೈದು ಇಂಚು ಅತ್ತಿತ್ತ ಸರಿದರೂ ಮಡ್‌ಗಾರ್ಡ್ ಗೋಡೆಗೆ ತಾಗುತ್ತದೆ. ನಾಲ್ಕೂ ಕಡೆ ಓಡಾಡುವ ಡಾಲಿಯನ್ನು ವಾಟ ಇರುವ ನೆಲದಲ್ಲಿ ಹಾಗೆ ಹಿಡಿದಿಡುವುದು ಹೇಗೆ?

ಉತ್ತರ ಅಲ್ಲೇ ಬಾವಿಕಟ್ಟೆಯ ಪಕ್ಕ ಬಿದ್ದಿತ್ತು. ಮೇಷ್ಟ್ರ ತಾಯಿಯ ಕಾಲದ ಬೀಸುವ ಕಲ್ಲು. ಕೆಳಗಿನ ಕಲ್ಲಿನ ನಡುವೆ ಒಂದು ಗೂಟ, ಮೇಲಿನ ಕಲ್ಲು ಅದರ ಸುತ್ತ ತಿರುಗುತ್ತದೆಯೇ ಹೊರತು ಎಲ್ಲಿಗೂ ಹೋಗುವುದಿಲ್ಲ. ನೆಲವನ್ನೇ ಕೆಳಗಿನ ಕಲ್ಲು ಮಾಡಿ, ಡಾಲಿಯನ್ನು ಮೇಲಿನ ಕಲ್ಲು ಮಾಡಿದರೆ ಆಯಿತು. ಗೂಟದ ಜಾಗ ಲೆಕ್ಕ ಹಾಕಿದೆವು. ಮುಂದಿನ ಟಯರು ಅಚ್ಚಿನಿಂದ 330 ಮಿ.ಮೀ. ಮುಂದಕ್ಕೆ ಬರುತ್ತದೆ, ಹಿಂದೆ ಅಚ್ಚಿನಿಂದ ಮಡ್‌ಗಾರ್ಡ್ ತುದಿಗೆ 425. ಹಾಗಾಗಿ ಗಾಡಿಯ ಉದ್ದದ ನಡು ಬರುವುದು ಎರಡು ಅಚ್ಚುಗಳ ನಡುವಿಗಿಂತ ಸುಮಾರು 47 ಮಿ.ಮೀ. ಹಿಂದಕ್ಕೆ. ಬುಲೆಟ್ಟಿನ ಭಾರವೂ ಹಿಂದಿನ ಕಡೆಗೇ ಸ್ವಲ್ಪ ಹೆಚ್ಚು, ಭಾರದ ನಡು ಕೂಡ ಅಲ್ಲೇ ಹತ್ತಿರ. ಭಾರದ ನಡು ಗೂಟದ ಮೇಲೆ ಬಂದರೆ ನೆಲ ವಾಲಿದ್ದರೂ ಡಾಲಿ ತಾನಾಗಿ ಸುತ್ತುವುದಿಲ್ಲ.

ಮಾಡಿದ್ದು ಹೀಗೆ

ನೆಲದ ಕೆಲಸ ಮೊದಲು. ಗಾರೆ ಮೇಸ್ತ್ರಿಗೆ ನಾನು ಕೇಳಿದ್ದು ಒಂದೇ: ವಾಟ ಇರಲಿ, ಆದರೆ ಒಂದೇ ದಿಕ್ಕಿಗಿರಲಿ. ಬಟ್ಟಲಿನ ಹಾಗೆ ನಡು ತಗ್ಗಾದರೆ ನಾಲ್ಕು ಚಕ್ರದಲ್ಲಿ ಒಂದು ಗಾಳಿಯಲ್ಲಿ ನಿಲ್ಲುತ್ತದೆ. ಹಲಗೆ ಎಳೆದಂತೆ ಸಪಾಟಾಗಿ ಇಡೀ ನೆಲ ಚರಂಡಿಯ ಕಡೆಗೆ ವಾಲಿರಬೇಕು. ಅವನಿಗೆ ಅರ್ಥವಾಯಿತು, ರಸಮಟ್ಟ ಇಟ್ಟು ಚೆನ್ನಾಗಿ ಮಾಡಿಕೊಟ್ಟ. ನಡುವೆ ಗೂಟ ನಿಲ್ಲಲು ದಪ್ಪ ಪೈಪಿನ ತುಂಡೊಂದನ್ನು ಕಾಂಕ್ರೀಟಿನಲ್ಲಿ ಹೂತೆವು. ಮೇಲ್ಮೈಯನ್ನು ಒರಟಾಗಿಯೇ ಬಿಡಿಸಿದೆ, ನಯ ಮಾಡಿದರೆ ಪಾಚಿ ಕಟ್ಟಿದಾಗ ಕಾಲು ಬೇಗ ಜಾರುತ್ತದೆ.

ಡಾಲಿಯ ಬೆನ್ನೆಲುಬು ಎರಡು 50ಕ್ಕೆ 50ರ, 6 ಮಿ.ಮೀ. ದಪ್ಪದ ಆಂಗ್ಲರ್ (L ಆಕಾರದ ಕಬ್ಬಿಣದ ಪಟ್ಟಿ), 1650 ಮಿ.ಮೀ. ಉದ್ದ. ನಡುವೆ 200 ಮಿ.ಮೀ. ಅಗಲದ, 5 ಮಿ.ಮೀ. ಪ್ಲೇಟು ದೋಣಿಯ ತಳದ ಹಾಗೆ. ನಾಲ್ಕು ಇಂಚಿನ ಕ್ಯಾಸ್ಟರನ್ನು ಪ್ಲೇಟಿನ ಕೆಳಗೆ ಕೂರಿಸಿದರೆ ಗಾಡಿ ನೆಲದಿಂದ ಐದು ಇಂಚು ಮೇಲೆ ಹೋಗುತ್ತದೆ. ಮೊಣಕಾಲು ನೋಯುವವರು ಅಷ್ಟು ಎತ್ತರದಿಂದ ಕಾಲು ಊರುವುದು ಹೇಗೆ? ಅದಕ್ಕೆ ಆಂಗ್ಲರಿನ ಹೊರಬದಿಗೆ ನಾಲ್ಕು ತೋಳು ಬೆಸೆದು, ಚಕ್ರಗಳನ್ನು ಆ ತೋಳಿನ ತುದಿಯಲ್ಲಿ ಕಟ್ಟಿದೆ. ಪ್ಲೇಟು ನೆಲದಿಂದ ಬರೀ 15 ಮಿ.ಮೀ. ಮೇಲೆ ತೂಗುತ್ತದೆ. ತೋಳುಗಳನ್ನು ಗಾಡಿಯ ಎರಡು ಟಯರು ನಿಲ್ಲುವ ಜಾಗದ ಹತ್ತಿರವೇ ಇಟ್ಟದ್ದರಿಂದ ಭಾರ ನೇರವಾಗಿ ಚಕ್ರಕ್ಕೆ ಇಳಿಯುತ್ತದೆ, ನಡುವಿನ ಪ್ಲೇಟು ಬಾಗುವ ಹೆದರಿಕೆ ಇಲ್ಲ. ಎಡ ಬಲ ಚಕ್ರಗಳ ನಡುವೆ 600 ಮಿ.ಮೀ.

ಈ 600 ಯಾಕೆ ಎಂದು ಹೇಳಬೇಕು. ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ಎಡಕ್ಕೆ ವಾಲುತ್ತದೆ, ಅದರ ಭಾರದ ನಡು ನಾಲ್ಕು ಇಂಚಿನಷ್ಟು ಎಡಕ್ಕೆ ಸರಿಯುತ್ತದೆ. ಚಕ್ರ ಹನ್ನೆರಡು ಇಂಚು ಆಚೆಗಿದೆ. ಇನ್ನೂ ಎಂಟು ಇಂಚು ಕೈಯಲ್ಲಿದೆ. ಕಡಿಮೆ ಅಗಲದ ಡಾಲಿಗಳು ಮಗುಚುವುದು ಈ ಅಂತರ ಸಾಲದೆ. ಸೆಂಟರ್ ಸ್ಟ್ಯಾಂಡ್ ಹಾಕಿದರೆ ವಾಲುವುದೇ ಇಲ್ಲವಲ್ಲ ಎಂದು ಕೇಳಬಹುದು. 195 ಕೆಜಿಯನ್ನು ಸೆಂಟರ್ ಸ್ಟ್ಯಾಂಡಿಗೆ ಏರಿಸುವುದು ತೋಳಿನ ಕೆಲಸವಲ್ಲ, ಇಡೀ ಮೈಭಾರವನ್ನು ಬಲಗಾಲ ಮೇಲೆ ಹಾಕಿ ತುಳಿಯುವ ಕೆಲಸ. ಮೇಷ್ಟ್ರಿಗೆ ಆಪರೇಷನ್ ಆದದ್ದೇ ಆ ಕಾಲು. ಕಾಲು ಗಟ್ಟಿ ಇರುವವರು ಸೆಂಟರ್ ಸ್ಟ್ಯಾಂಡ್ ಬಳಸುವುದಾದರೆ, ಸ್ಟ್ಯಾಂಡು ಹಿಂದಕ್ಕೆ ಮಡಚಿಕೊಳ್ಳದಂತೆ ಬೆಲ್ಟಿನಿಂದ ಕಟ್ಟಲೇಬೇಕು. ಮುಂದಕ್ಕೆ ತಳ್ಳಿದಾಗ ಸ್ಟ್ಯಾಂಡು ಮಡಚಿಕೊಂಡರೆ ಗಾಡಿ ಕೆಳಗೆ ಕೂರುತ್ತದೆ.

ಚಕ್ರ ಆರಿಸುವಾಗ ಒಟ್ಟು ಭಾರವನ್ನು ನಾಲ್ಕರಿಂದಲ್ಲ, ಮೂರರಿಂದ ಭಾಗಿಸಿದೆ. ಎಷ್ಟೇ ಸಪಾಟು ನೆಲವಾದರೂ ಒಂದಲ್ಲ ಒಂದು ಚಕ್ರ ಸಡಿಲ ಇದ್ದೇ ಇರುತ್ತದೆ. ಡಾಲಿ 38 ಕೆಜಿ ಬಂತು, ಗಾಡಿ ಸೇರಿ 233. ಮೂರರಿಂದ ಭಾಗಿಸಿದರೆ 78. ನೂರು ಕೆಜಿ ತಾಳುವ, ಬೇರಿಂಗ್ ಇರುವ ಪಿಯು (ಪಾಲಿಯುರೆಥೇನ್) ಚಕ್ರ ಹಾಕಿದೆ.

ಪ್ಲೇಟಿನ ಮುಂದಿನ ತುದಿಗೆ, ಟಯರು ತಾಗಿ ನಿಲ್ಲಲೆಂದು, ಅಡ್ಡ ಪಟ್ಟಿಯೊಂದನ್ನು ಗಟ್ಟಿಯಾಗಿ ಬೆಸೆದಿದ್ದೆ. ಖಾಲಿ ಡಾಲಿಯನ್ನು ಗೂಟದ ಮೇಲೆ ಕೂರಿಸಿ ಸುತ್ತಿಸಿ ತೋರಿಸುತ್ತಿದ್ದಾಗ, ಬಟ್ಟೆ ಒಗೆಯುತ್ತಿದ್ದ ಮೇಷ್ಟ್ರ ಹೆಂಡತಿ ಕೈ ಒರೆಸಿಕೊಂಡು ಬಂದು ನಿಂತರು.

"ಅಲ್ಲಪ್ಪಾ, ಹತ್ತುವಾಗ ಈ ಕಡೆಯಿಂದ ಹತ್ತುತ್ತೆ. ತಿರುಗಿದ ಮೇಲೆ ಮುಖ ಸಂದಿ ಕಡೆಗೆ. ಈ ಪಟ್ಟಿ ಅಡ್ಡ ಇದ್ರೆ ಇಳಿಯೋದು ಎಲ್ಲಿಂದ?"

ನಾವಿಬ್ಬರೂ ಎರಡು ವಾರದಿಂದ ಇದೇ ಲೆಕ್ಕದಲ್ಲಿ ಮುಳುಗಿದ್ದೆವು, ನಮಗೆ ಹೊಳೆದಿರಲಿಲ್ಲ. ಪಟ್ಟಿಯನ್ನು ಗ್ರೈಂಡರಿನಿಂದ ಕೊಯ್ದು, ಎರಡು ಪಿನ್ನಿನಲ್ಲಿ ನಿಲ್ಲುವಂತೆ, ಮೇಲಕ್ಕೆ ಎಳೆದರೆ ಬರುವಂತೆ ಮಾಡಿದೆ. ಎರಡೂ ತುದಿಯ ಪ್ಲೇಟನ್ನು ನಾಲಿಗೆಯ ಹಾಗೆ ಕೆಳಕ್ಕೆ ಬಾಗಿಸಿದೆ. ನಾಲಿಗೆ ನೆಲಕ್ಕೆ ತಾಗದೆ ಒಂದು ಕಡ್ಡಿ ಹೋಗುವಷ್ಟು ಬಿಟ್ಟಿದ್ದೇನೆ, ಇಲ್ಲದಿದ್ದರೆ ತಿರುಗುವಾಗ ಉಜ್ಜುತ್ತದೆ. ಗೂಟದ ತಲೆಯೂ ಪ್ಲೇಟಿನ ಮಟ್ಟಕ್ಕಿಂತ ಮೇಲೆ ಬರಬಾರದು, ಅದರ ಮೇಲೇ ಟಯರು ಹಾಯಬೇಕು.

ಕೊನೆಯದಾಗಿ ಅಗುಳಿ. ಗಾಡಿ ಹತ್ತುವಾಗಲೂ ಇಳಿಯುವಾಗಲೂ ಡಾಲಿ ಕದಲಬಾರದು. ಬಾಗಿಲಿನ ಕೆಳಚಿಲಕದಂಥ 16 ಮಿ.ಮೀ. ಸರಳೊಂದನ್ನು ಒಂದು ತೋಳಿಗೆ ಹಾಕಿ, ಅದು ಇಳಿಯಲು ನೆಲದಲ್ಲಿ ಎರಡು ತೂತು ಮಾಡಿದೆವು, ಒಳಮುಖಕ್ಕೊಂದು, ಹೊರಮುಖಕ್ಕೊಂದು. ಕ್ಯಾಸ್ಟರಿನ ಬ್ರೇಕನ್ನು ನಂಬುವ ಅಗತ್ಯವೇ ಉಳಿಯಲಿಲ್ಲ.

ದಿನದ ಬಳಕೆ

ಮೇಷ್ಟ್ರು ಬೀದಿಯಲ್ಲಿ ಇಂಜಿನ್ ಆಫ್ ಮಾಡಿ, ಕನ್ನಡಿ ಮಡಚಿ, ಬ್ರೇಕಿನ ಮೇಲೆ ಕೈಯಿಟ್ಟು ಸಂದಿಯಲ್ಲಿ ಇಳಿಯುತ್ತಾರೆ. ಇಳಿಜಾರಿನ ಓಟವೇ ಮುಂದಿನ ಚಕ್ರವನ್ನು ಪ್ಲೇಟಿಗೆ ಹತ್ತಿಸುತ್ತದೆ. ಟಯರು ಪಟ್ಟಿಗೆ ತಾಗಿದ ಮೇಲೆ ಮೊದಲ ಗೇರು, ಸೈಡ್ ಸ್ಟ್ಯಾಂಡು, ಮುಂದಿನ ಬ್ರೇಕ್ ಲಿವರಿಗೆ ಸೈಕಲ್ ಟ್ಯೂಬಿನ ತುಂಡೊಂದರಿಂದ ಬಿಗಿತ. ಈ ಟ್ಯೂಬ್ ತುಂಡು ಸಣ್ಣ ವಿಷಯವಲ್ಲ. ಗಾಡಿ ಮುಂದಕ್ಕೆ ಎರಡಿಂಚು ಉರುಳಿದರೆ ಸೈಡ್ ಸ್ಟ್ಯಾಂಡು ಮಡಚಿಕೊಳ್ಳುತ್ತದೆ. ಮೊದಮೊದಲು ಬೆಲ್ಟಿನಿಂದ ಎಡತೋಳಿಗೆ ಬಿಗಿಯುತ್ತಿದ್ದೆವು. ಬೆಲ್ಟು ಬಿಗಿಯುವುದಾದರೆ ಗಾಡಿ ವಾಲಿದ ಕಡೆಗೇ, ಎಡಕ್ಕೇ ಎಳೆದು ಸ್ಟ್ಯಾಂಡಿನ ಮೇಲೆ ಒತ್ತುವಂತೆ ಬಿಗಿಯಬೇಕು. ಬಲಕ್ಕೆ ಎಳೆದು ನೇರ ಮಾಡಲು ಹೋದರೆ ಸ್ಟ್ಯಾಂಡಿನ ಮೇಲಿನ ಭಾರವೇ ತಪ್ಪುತ್ತದೆ.

ಆಮೇಲೆ ಅಗುಳಿ ಎತ್ತಿ, ಹಿಂದಿನ ಸೀಟಿನ ಹಿಡಿ ಹಿಡಿದು ಸುತ್ತ ನಡೆದರಾಯಿತು. ಮೊದಲ ಅರ್ಧ ಅಡಿಗೆ ಸ್ವಲ್ಪ ಬಲ ಬೇಕು, ಕ್ಯಾಸ್ಟರುಗಳು ತಮ್ಮ ದಿಕ್ಕು ಹಿಡಿಯುವ ತನಕ. ಅಲ್ಲಿಂದ ಮುಂದೆ ಒಂದು ಕೈ ಸಾಕು. ಮೇಷ್ಟ್ರ ಹೆಂಡತಿ ಒಗೆಯುವ ಕಲ್ಲಿಗೆ ದಾರಿ ಬೇಕೆಂದಾಗ ಅವರೇ ಕಾಲು ಸುತ್ತು ತಿರುಗಿಸಿಕೊಳ್ಳುತ್ತಾರೆ.

ಡಾಲಿಗಿಂತ ನೆಲಕ್ಕೇ ಖರ್ಚು ಹೆಚ್ಚು ಬಂತು, ಅದನ್ನು ಮುಚ್ಚಿಡುವುದಿಲ್ಲ. ಬಾಡಿಗೆ ಮನೆಯಲ್ಲಿ ನೆಲ ಅಗೆಯಲು ಯಾರೂ ಬಿಡುವುದಿಲ್ಲ, ಅಲ್ಲಿ ಈ ಉಪಾಯ ನಡೆಯದು. ತೀರ್ಥಹಳ್ಳಿ ಕಡೆಯ ಒಬ್ಬರು ತಮ್ಮ ಕೊಟ್ಟಿಗೆಯ ಮಣ್ಣುನೆಲಕ್ಕೆ ಇಂಥದ್ದೇ ಬೇಕೆಂದು ಕೇಳಿದರು. ಮಣ್ಣಿನಲ್ಲಿ ಯಾವ ಕ್ಯಾಸ್ಟರೂ ಹೂತುಹೋಗುತ್ತದೆ, ಮೊದಲು ನೆಲ ಕಟ್ಟಿಸಿ ಎಂದು ಹೇಳಿ ಕಳಿಸಿದೆ. ಹಣ ಬಿಟ್ಟುಕೊಟ್ಟಂತಾಯಿತು ಎಂದು ಹುಡುಗ ಬೇಸರಪಟ್ಟ. ಒಮ್ಮೆ ಕೇಳಿದ್ದನ್ನಷ್ಟೇ ಮಾಡಿಕೊಟ್ಟು ನೋಡಿದ್ದೇನಲ್ಲ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಹೊಳೆ ಏರುತ್ತಿದೆ ಎಂದು ಕೇರಿಯಲ್ಲಿ ಸುದ್ದಿಯಾಯಿತು. ಮೇಷ್ಟ್ರು ಟಾರ್ಚ್ ಹಿಡಿದು ಹಿತ್ತಲಿಗೆ ಹೋದರು. ಗಾಡಿಯ ಮುಖ ಬೀದಿಗೇ ಇತ್ತು. ಪಟ್ಟಿ ಎಳೆದು, ಟ್ಯೂಬ್ ಬಿಚ್ಚಿ, ಕೂತು, ಸ್ಟಾರ್ಟ್ ಮಾಡಿ ಮೊದಲ ಗೇರಿನಲ್ಲಿ ಸಂದಿ ಹತ್ತಿದರು. ಎತ್ತರದಲ್ಲಿರುವ ಅಣ್ಣನ ಮನೆಯ ಮುಂದೆ ನಿಲ್ಲಿಸಿ ನನಗೆ ಫೋನ್ ಮಾಡಿದಾಗ ರಾತ್ರಿ ಹನ್ನೊಂದು ದಾಟಿತ್ತು. ಅವತ್ತು ಹಿತ್ತಲಿಗೆ ನೀರು ಬರಲಿಲ್ಲ. ಎರಡು ದಿನ ಬಿಟ್ಟು ಗಾಡಿ ವಾಪಸ್ ತಂದರು.

ಶ್ರಾವಣದ ಹೊತ್ತಿಗೆ ಎಡ ಹಿಂಬದಿಯ ಕ್ಯಾಸ್ಟರಿನ ಕುತ್ತಿಗೆ ತುಕ್ಕು ಹಿಡಿದು ಬಿಗಿಯಾಗಿತ್ತು. ಚರಂಡಿಯ ಪಕ್ಕದ ಚಕ್ರ ಅದು, ಸದಾ ತೇವ. ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸ್ ತುಂಬಿದ್ದೇನೆ. ಮುಂಗಾರಿಗೆ ಮೊದಲು ನಾಲ್ಕನ್ನೂ ಬಿಚ್ಚಿ ನೋಡಬೇಕು. ಪೈಪಿನೊಳಗೆ ನೀರು ನಿಂತು ಗೂಟವೂ ಸವೆಯುತ್ತಿರಬಹುದು, ಅದಕ್ಕೆ ಸ್ಟೇನ್‌ಲೆಸ್ ಸರಳಿನದೊಂದು ಕಡೆಸಿ ಇಟ್ಟಿದ್ದೇನೆ.